ಉರಿಯುವುದೆಲ್ಲ ಕೆಡುಕಲ್ಲ

ನಮ್ಮ ಭಾಷೆಯಲ್ಲಿ ಕೈಗೆ ದೊರೆತಿರುವ ಮರ್ಯಾದೆ ಬೇರಾವ ಅಂಗಕ್ಕೂ ದೊರೆತಂತಿಲ್ಲ. ಒಳ್ಳೆಯ ವೈದ್ಯನಿಗೆ ಕೈಗುಣ ಉಂಟೆನ್ನುತ್ತೇವೆ. ಉದಾರಿಯ ಕೈ ದೊಡ್ಡದೆನ್ನುತ್ತೇವೆ. ಕಷ್ಟದಲ್ಲಿ ನೆರವಾದವನನ್ನು ಕೈ ಹಿಡಿದವನೆಂದು ನೆನೆಯುತ್ತೇವೆ. ಕೊಟ್ಟ ಸಾಲ ಹಿಂದಿರುಗಿ ಬರಲಾರದೆಂದು ಖಾತ್ರಿಯಾದಾಗ ಕೈ ತೊಳೆದುಕೊಳ್ಳುತ್ತೇವೆ. ಆದರೆ ಇಷ್ಟೆಲ್ಲ ದುಡಿಯುವ ಕೈಯ ತೊಗಲು ಹೇಗಿದೆ, ಅದಕ್ಕೇನು ಬೇಕು ಎಂದು ವಿಚಾರಿಸುವವರು ಎಷ್ಟು ಮಂದಿ? ನಾನಂತೂ ವಿಚಾರಿಸಿದವನಲ್ಲ. ಸರಕಾರಿ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ ನಾನು. ವೈದ್ಯನಲ್ಲ, ರಸಾಯನಶಾಸ್ತ್ರ ಓದಿದವನೂ ಅಲ್ಲ, ಬರೀ ಬಿ. ಎ. ಪಾಸಾದವನು. ಆದರೂ ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಪ್ರಸಂಗವೊಂದು ನನ್ನನ್ನು ಈ ವಿಷಯದ ವಿದ್ಯಾರ್ಥಿಯನ್ನಾಗಿ ಮಾಡಿತು. ಅದರಿಂದ ಕಲಿತ ನಾಲ್ಕು ಮಾತುಗಳನ್ನು ನಮ್ಮ ಸಂಘದ ಕುಟುಂಬಗಳ ಮುಂದಿಡುವುದು ಉಚಿತವೆಂದು ತೋರಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ಸೀಸೆ ಮನೆಗೆ ಬಂದ ಬಗೆ

ಕೈಗೆ ಹಚ್ಚಿಕೊಳ್ಳುವ ಮದ್ಯಸಾರದ ದ್ರಾವಣ, ಅಂದರೆ ಈಗ ಎಲ್ಲರೂ ಸ್ಯಾನಿಟೈಸರ್ ಎಂದೇ ಕರೆಯುವ ವಸ್ತು, ಪುಣೆಯವರಾದ ನಮಗೆ ಹೊಸದಲ್ಲ. 2009ರ ಆಗಸ್ಟ್ 3ರಂದು ಹಂದಿಜ್ವರಕ್ಕೆ ನಮ್ಮ ದೇಶದ ಮೊದಲ ಜೀವ ಬಲಿಯಾದದ್ದು ಈ ಊರಿನಲ್ಲೇ. ಆಗಲೇ ಮುಖಗವಸನ್ನೂ ಈ ಸಣ್ಣ ಸೀಸೆಯನ್ನೂ ಹುಡುಕಿಕೊಂಡು ಜನ ಔಷಧದಂಗಡಿಗಳ ಮುಂದೆ ನಿಂತಿದ್ದರು. ಅನಂತರ 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಪತ್ತೆಯಾದದ್ದೂ ಪುಣೆಯಲ್ಲೇ. ಅದಾದ ನಾಲ್ಕೇ ದಿನಕ್ಕೆ ಕೇಂದ್ರ ಸರಕಾರವು ಸ್ಯಾನಿಟೈಸರನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ತಿಂಗಳಲ್ಲಿ 200 ಮಿಲಿಲೀಟರಿಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ಬೆಲೆಯನ್ನೂ ಕಟ್ಟಿತು.

ಬೇಡಿಕೆಯನ್ನು ಪೂರೈಸುವುದಕ್ಕೆ ಸಕ್ಕರೆ ಕಾರಖಾನೆಗಳ ಭಟ್ಟಿಗಳಿಗೂ ಇದನ್ನು ತಯಾರಿಸಲು ಅಪ್ಪಣೆ ದೊರೆಯಿತು. ನಮ್ಮ ಕಡೆಯ ಕಬ್ಬಿನ ಗದ್ದೆಗಳನ್ನು ಕಂಡವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಭಟ್ಟಿಯಿಳಿಸಿದರೆ ದೊರೆಯುವುದೇ ಈ ಮದ್ಯಸಾರ. ನೆರೆಯ ಪಿಂಪರಿಯಲ್ಲಿ 1954ರಲ್ಲಿ ಸ್ಥಾಪನೆಯಾಗಿ, ಪೆನಿಸಿಲಿನ್ ತಯಾರಿಸಿ ಹೆಸರಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರಖಾನೆಯೂ ಆ ದಿನಗಳಲ್ಲಿ ಸ್ಯಾನಿಟೈಸರ್ ತಯಾರಿಸಿಕೊಟ್ಟಿತು.

ನಮ್ಮ ಕಚೇರಿಯ ಬಾಗಿಲಲ್ಲಿಯೂ ಒಂದು ಸೀಸೆ ಬಂದು ಕುಳಿತಿತು. ಯಾರೂ ಎತ್ತಿಕೊಂಡು ಹೋಗಬಾರದೆಂದು ಜವಾನರು ಅದನ್ನು ಸೆಣಬಿನ ಹುರಿಯಿಂದ ಮೇಜಿನ ಕಾಲಿಗೆ ಕಟ್ಟಿದ್ದರು. ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವುವ ನಮ್ಮ ಪುರಾತನ ಪದ್ಧತಿಗೆ ಅಂದಿನಿಂದ ತೆರೆಬಿದ್ದು, ಪ್ರತಿ ಮೇಜಿಗೂ ಒದ್ದೆ ಸ್ಪಂಜಿನ ಬಟ್ಟಲು ಬಂತು. ಕಾಲಕ್ರಮದಲ್ಲಿ ಭಯ ಇಳಿಯಿತು, ಸೀಸೆ ಕಪಾಟು ಸೇರಿತು, ಕೆಲವರ ಬೆರಳು ಮತ್ತೆ ನಾಲಿಗೆಯತ್ತ ಹೊರಟಿತು. ಆದರೆ ನಮ್ಮ ಮನೆಯಲ್ಲಿ ಮಾತ್ರ ಆ ಸೀಸೆ ದೇವರ ಮುಂದಿನ ಪಂಚಪಾತ್ರೆಯಂತೆ ಸ್ಥಿರವಾಗಿ ಉಳಿಯಿತು. ಅದಕ್ಕೆ ಕಾರಣವುಂಟು.

ನಾಲ್ಕು ಹೊತ್ತಿನ ವ್ರತ

ನಮ್ಮ ತಂದೆಯವರು ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರಾಗಿ ನಿವೃತ್ತರಾದವರು. ತಾಯಿಯವರು ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಬಂದ ಎರಡು ವರ್ಷಕ್ಕೆ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಸ್ಥಿತಿಗೆ ಬಂದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುವ ತ್ರಾಣ ಅವರಿಗಿರಲಿಲ್ಲ. ಆಗ ಡಾಕ್ಟರರು ಮನೆಯಲ್ಲೇ ಮಾಡಬಹುದಾದ ಇನ್ನೊಂದು ದಾರಿಯನ್ನು ತೋರಿಸಿದರು. ಅದಕ್ಕೆ ಪೆರಿಟೋನಿಯಲ್ ಡಯಾಲಿಸಿಸ್ ಎಂದು ಹೆಸರು. ಹೊಟ್ಟೆಯೊಳಗೆ ಒಂದು ಸಣ್ಣ ನಳಿಕೆಯನ್ನು ಶಾಶ್ವತವಾಗಿ ಕೂಡಿಸಿರುತ್ತಾರೆ. ಸುಮಾರು ಎರಡು ಲೀಟರಿನ ಚೀಲದಿಂದ ಔಷಧದ ನೀರನ್ನು ಅದರ ಮೂಲಕ ಹೊಟ್ಟೆಗೆ ಬಿಟ್ಟು, ಕೆಲವು ತಾಸುಗಳ ನಂತರ ಹೊರಗೆ ತೆಗೆಯಬೇಕು. ರಕ್ತದಲ್ಲಿಯ ಕಲ್ಮಷ ಆ ನೀರಿನೊಡನೆ ಹೊರಬರುತ್ತದೆ. ದಿನಕ್ಕೆ ನಾಲ್ಕು ಸಲ ಇದು ನಡೆಯಬೇಕು.

ಕೇಳುವುದಕ್ಕೆ ಸುಲಭ. ಆದರೆ ಚೀಲದ ನಳಿಕೆಯನ್ನು ಹೊಟ್ಟೆಯ ನಳಿಕೆಗೆ ಜೋಡಿಸುವ ಆ ಅರ್ಧ ನಿಮಿಷದಲ್ಲಿ ಕೈಯಿಂದ ಒಂದಿಷ್ಟು ಕ್ರಿಮಿ ಒಳಗೆ ಹೋದರೂ ಹೊಟ್ಟೆಯಲ್ಲಿ ಸೋಂಕು ಹತ್ತಿ ಪ್ರಾಣಕ್ಕೇ ಬರಬಹುದು. ಹೊರಬಂದ ನೀರು ತಿಳಿಯಾಗಿದ್ದರೆ ಕ್ಷೇಮ. ಕಲಗಚ್ಚಿನಂತೆ ಮಸುಕಾಗಿದ್ದರೆ ಕೂಡಲೆ ಆಸ್ಪತ್ರೆಗೆ ಓಡಬೇಕು. ಆದುದರಿಂದ ಈ ಚಿಕಿತ್ಸೆಯ ಅರ್ಧ ಬಲ ಔಷಧದಲ್ಲಿದ್ದರೆ ಇನ್ನರ್ಧ ಬಲ ಜೋಡಿಸುವವರ ಕೈಯಲ್ಲಿದೆ.

ನಮ್ಮ ಮನೆಯಲ್ಲಿ ಆ ಕೈ ನನ್ನ ಹೆಂಡತಿಯದು. ನಾನು ಕಚೇರಿಗೆ ಹೊರಟ ಮೇಲೆ ಹಗಲಿನ ಸರದಿಯೆಲ್ಲ ಆಕೆಯದೇ. ಆಸ್ಪತ್ರೆಯ ದಾದಿಯಿಂದ ಹದಿನೈದು ದಿನ ಪಾಠ ಹೇಳಿಸಿಕೊಂಡು, ಒಂದು ತಪ್ಪಿಲ್ಲದೆ ಕಲಿತು ಬಂದಳು. ಮೊದಲು ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳುವುದು. ಕಿಟಕಿ ಮುಚ್ಚಿ, ಪಂಖ ನಿಲ್ಲಿಸಿ, ಮೇಜು ಅಣಿಮಾಡಿಕೊಳ್ಳುವುದು. ನಳಿಕೆ ಮುಟ್ಟುವ ಮುನ್ನ ಮದ್ಯಸಾರದ ದ್ರಾವಣ ಹಚ್ಚಿ ಒಣಗುವ ತನಕ ತಿಕ್ಕುವುದು. ಎಂಟು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು.

ನಾವು ಮಾಡಿದ ತಪ್ಪು

ನವೆಂಬರ್ ತಿಂಗಳು ಹುಟ್ಟಿತು. ಪುಣೆಯ ಚಳಿಗಾಲದ ಗಾಳಿಯ ಗುಣ ನಿಮಗೆಲ್ಲ ಗೊತ್ತು. ಮಳೆಗಾಲದ ತೇವವೆಲ್ಲ ಎಲ್ಲಿ ಹೋಯಿತೋ ಎಂಬಂತೆ ಗಾಳಿ ಒಣಗುತ್ತದೆ, ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. ಉಡುಪಿ, ಮಂಗಳೂರಿನ ಕಡೆಯಿಂದ ಬಂದವರಿಗಂತೂ ಮೊದಲ ವರ್ಷ ಇದು ದೊಡ್ಡ ಪರೀಕ್ಷೆಯೇ. ಅದರೊಡನೆ ನಮ್ಮ ಬಡಾವಣೆಗೆ ಆ ತಿಂಗಳಲ್ಲಿ ನಳದ ನೀರು ಸಾಲದೆ ಟ್ಯಾಂಕರಿನ ಗಡಸು ನೀರು ಬರತೊಡಗಿತು. ನನ್ನ ಹೆಂಡತಿಯ ಬೆರಳ ಗೆಣ್ಣುಗಳು ಮೊದಲು ಬಿಳಿಚಿದವು, ಆಮೇಲೆ ಕೆಂಪಾದವು, ಕೊನೆಗೆ ಗೆರೆಗೆರೆಯಾಗಿ ಬಿರಿದವು. ದ್ರಾವಣ ಹಚ್ಚಿದೊಡನೆ ಆಕೆ ಹಲ್ಲು ಕಚ್ಚಿ ಕಣ್ಣು ಮುಚ್ಚುವಳು.

"ಅಲ್ರೀ, ಇದನ್ನ ಹಚ್ಚಿಕೊಂಡರ ಬೆಂಕಿ ಬಿದ್ಧಾಂಗ ಉರೀತದ. ಕೈ ಕೆಡಸೋದು ಇದ ನೋಡ್ರಿ" ಎಂದಳು.

ನನಗೂ ಅದು ನಿಜವೆಂದೇ ತೋರಿತು. ಉರಿಯುತ್ತಿರುವುದು ಕಣ್ಣೆದುರಿಗೇ ಇರುವಾಗ ಬೇರೆ ಸಾಕ್ಷಿಯೇಕೆ? ಪಕ್ಕದ ಮನೆಯ ಆಜಿಯೂ ನಮ್ಮ ಮಾತಿಗೆ ತಲೆದೂಗಿದರು. ಆಸ್ಪತ್ರೆಯವರನ್ನು ಒಂದು ಮಾತು ಕೇಳದೆ ನಾವೇ ತೀರ್ಮಾನ ಮಾಡಿಬಿಟ್ಟೆವು: ಸೀಸೆ ಬೇಡ, ಅದಕ್ಕೆ ಬದಲಾಗಿ ಕ್ರಿಮಿನಾಶಕ ಸಾಬೂನಿನಿಂದ ಬಿಸಿನೀರಿನಲ್ಲಿ ಎರಡೆರಡು ಸಲ ತೊಳೆದರಾಯಿತು.

ಎರಡು ವಾರ ಕಳೆಯಿತು. ಕೈ ಸುಧಾರಿಸಲಿಲ್ಲ. ಬಿರುಕು ಆಳವಾಯಿತು. ಒಂದು ಸಂಜೆ ಚೀಲ ಬದಲಿಸುವಾಗ ಆಕೆಯ ಗೆಣ್ಣಿನಿಂದ ರಕ್ತದ ಒಂದು ಹನಿ ಜಿನುಗಿದ್ದನ್ನು ತಂದೆಯವರು ಕಂಡರು. ಏನೂ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಿಧಾನವಾಗಿ ಅಂದರು:

"ತಂಗಿ, ನನ್ನ ಸಲುವಾಗಿ ನಿನ್ನ ಕೈ ಹಾಳಾದವು. ನನಗೂ ಎಪ್ಪತ್ನಾಲ್ಕಾತು. ಸಾಕು ಮಾಡೋಣ ಇದನ್ನ."

ಆಕೆ ಅನ್ನ ಬಡಿಸುತ್ತಿದ್ದವಳು ಹಾಗೆಯೇ ನಿಂತಳು. "ಮಾಮಾ, ಹಂಗ ಅನಬ್ಯಾಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಅಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಗೀಟುಗಳ ಲೆಕ್ಕ

ಮರುದಿನ ರಜೆ ಹಾಕಿ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂತ್ರಪಿಂಡದ ಡಾಕ್ಟರರು ಕೈ ನೋಡಿ, ಅದೇ ಕಟ್ಟಡದಲ್ಲಿದ್ದ ಚರ್ಮವೈದ್ಯೆಯ ಬಳಿ ಕಳಿಸಿದರು. ಆ ತಾಯಿ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ದಿನಕ್ಕೆ ಎಷ್ಟು ಸಲ ಸಾಬೂನು ಮುಟ್ಟುತ್ತೀರಿ?" ಎಂದು ಕೇಳಿದರು. "ಹತ್ತು ಹನ್ನೆರಡು ಸಲ ಇರಬಹುದು" ಎಂದಳು ನನ್ನ ಹೆಂಡತಿ. ವೈದ್ಯೆ ನಕ್ಕು, ಸದ್ಯಕ್ಕೆ ಹಚ್ಚುವುದಕ್ಕೆ ಒಂದು ಮುಲಾಮು ಕೊಟ್ಟು, "ಒಂದು ದಿನ ಲೆಕ್ಕವಿಟ್ಟುಕೊಂಡು ಬನ್ನಿ" ಎಂದರು.

ಲೆಕ್ಕವಿಡುವುದು ನನ್ನ ವೃತ್ತಿ. ಮುಂದಿನ ಭಾನುವಾರ ಬೆಳಗಿನಿಂದ ಅಡುಗೆಮನೆಯ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿ ಗೀಟು ಹಾಕುತ್ತ ಹೋದೆ. ಹಾಲು ಕಾಯಿಸುವ ಮೊದಲು ಒಂದು, ಪಾತ್ರೆ ಬೆಳಗುವಾಗ ಒಂದು, ತರಕಾರಿ ಹೆಚ್ಚಿದ ಮೇಲೆ ಒಂದು, ಮಗುವಿನ ಊಟವಾದ ಮೇಲೆ ಒಂದು, ಬಟ್ಟೆ ನೆನೆಹಾಕುವಾಗ ಒಂದು, ಪ್ರತಿ ಚೀಲಕ್ಕೂ ಎರಡೆರಡು. ರಾತ್ರಿ ಎಣಿಸಿದರೆ ಮೂವತ್ತನಾಲ್ಕು ಗೀಟು! ಸ್ಯಾನಿಟೈಸರಿನ ಲೆಕ್ಕದಲ್ಲಿ ಸೊನ್ನೆ. ಅಂದರೆ ನಾವು ಯಾರನ್ನು ಅಪರಾಧಿಯೆಂದು ಹೊರಗೆ ಹಾಕಿದ್ದೆವೋ ಅವನು ಎರಡು ವಾರದಿಂದ ಮನೆಯಲ್ಲೇ ಇರಲಿಲ್ಲ. ಆದರೂ ಅಪರಾಧ ನಡೆಯುತ್ತಲೇ ಇತ್ತು.

ಆ ಹಾಳೆಯನ್ನು ನೋಡಿ ವೈದ್ಯೆ ಹೇಳಿದ ವಿವರವನ್ನು, ಅನಂತರ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ, ತಿಳಿಯಾಗಿ ಹೇಳಲು ಯತ್ನಿಸುತ್ತೇನೆ.

ಇಟ್ಟಿಗೆ, ಗಾರೆಯ ಗೋಡೆ

ನಮ್ಮ ಚರ್ಮದ ಅತಿ ಹೊರಗಿನ ಪದರವು ಒಂದು ಗೋಡೆಯ ಹಾಗೆ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಅದರ ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಒಂದು ಬಗೆಯ ಜಿಡ್ಡೇ ಗಾರೆ. ದೇಹದ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಂಗೈಯಲ್ಲಿ ಅದು ಬಹಳ ದಪ್ಪ. ಆದರೆ ಎಣ್ಣೆ ಸುರಿಸುವ ಗ್ರಂಥಿಗಳು ಅಂಗೈಯಲ್ಲಿ ಇಲ್ಲವೇ ಇಲ್ಲ. ಕೈಯ ಹಿಂಬದಿಯಲ್ಲಿ ಚರ್ಮ ತೆಳುವು. ಆದುದರಿಂದಲೇ ಬಿರುಕು ಮೊದಲು ಕಾಣಿಸಿಕೊಳ್ಳುವುದು ಗೆಣ್ಣುಗಳ ಮೇಲೆ. ಒಳಗಿನ ತೇವ ಹೊರಗೆ ಹೋಗದಂತೆಯೂ ಹೊರಗಿನ ಕ್ರಿಮಿ ಒಳಗೆ ಬಾರದಂತೆಯೂ ಕಾಯುವುದು ಈ ಗೋಡೆಯೇ.

ಸಾಬೂನಿನ ಕೆಲಸ ಜಿಡ್ಡನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುವುದು. ಪಾತ್ರೆಯ ಜಿಡ್ಡು ಯಾವುದು, ಚರ್ಮದ ಗಾರೆ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ತೊಳೆದಾಗಲೆಲ್ಲ ಗಾರೆಯ ಒಂದು ಪಾಲು ನೀರಿನೊಡನೆ ಮೋರಿಗೆ ಹರಿದುಹೋಗುತ್ತದೆ. ಇದಲ್ಲದೆ ಚರ್ಮದ ಮೇಲ್ಮೈ ಸ್ವಭಾವತಃ ಸ್ವಲ್ಪ ಹುಳಿ. ವಿಜ್ಞಾನಿಗಳ ಅಳತೆಯಲ್ಲಿ ಸುಮಾರು 5. ಸಾಮಾನ್ಯ ಸಾಬೂನು ಕ್ಷಾರ, 9ರಿಂದ 10. ಬಿಸಿನೀರು ಜಿಡ್ಡನ್ನು ಇನ್ನೂ ಬೇಗ ಕರಗಿಸುತ್ತದೆ. ಗಡಸು ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಯಾಗದ್ದರಿಂದ ಹೆಚ್ಚು ತಿಕ್ಕುತ್ತೇವೆ, ಅದರ ಅಂಟು ಕೈಯ ಮೇಲೆ ಉಳಿಯುತ್ತದೆ. ಒಂದು ಸಲ ತೊಳೆದರೆ ಚರ್ಮ ತನ್ನ ಗೋಡೆಯನ್ನು ತಾನೇ ತೇಪೆ ಹಾಕಿಕೊಳ್ಳುತ್ತದೆ. ದಿನಕ್ಕೆ ಮೂವತ್ತನಾಲ್ಕು ಸಲ ಕೆಡವಿದರೆ ಕಟ್ಟುವುದಕ್ಕೆ ವೇಳೆಯೆಲ್ಲಿದೆ?

ಹಾಗಾದರೆ ಮದ್ಯಸಾರ ಜಿಡ್ಡನ್ನು ಕರಗಿಸುವುದಿಲ್ಲವೆ? ಕರಗಿಸುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಸ್ಯಾನಿಟೈಸರನ್ನು ನಾವು ನೀರಿನಿಂದ ತೊಳೆದು ಹಾಕುವುದಿಲ್ಲ. ಮದ್ಯಸಾರ ಅರ್ಧ ನಿಮಿಷದಲ್ಲಿ ಆವಿಯಾಗಿ ಹೋಗುತ್ತದೆ, ಕರಗಿದ ಜಿಡ್ಡಿನ ಬಹುಪಾಲು ಕೈಯ ಮೇಲೆಯೇ ಉಳಿಯುತ್ತದೆ. ಒಳ್ಳೆಯ ದ್ರಾವಣದಲ್ಲಿ ಅದರೊಡನೆ ಗ್ಲಿಸರಿನ್ನೂ ಇರುತ್ತದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನಡೆಸಿದ ಪ್ರಯೋಗಗಳಲ್ಲಿ ಪದೇ ಪದೇ ಸಾಬೂನಿನಿಂದ ತೊಳೆದ ಕೈಗಳೇ ಹೆಚ್ಚು ಒಣಗಿದ್ದು ಕಂಡುಬಂದಿದೆ.

ಮತ್ತೆ ಉರಿಯುವುದೇಕೆ? ಇದೇ ನಮ್ಮನ್ನು ದಾರಿತಪ್ಪಿಸಿದ ಪ್ರಶ್ನೆ. ಶಾಖವನ್ನು ಅರಿಯುವ ನರದ ತುದಿಗಳು ನಮ್ಮ ಚರ್ಮದಲ್ಲಿವೆ. ಅವು ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಶಾಖ ತಾಗಿದಾಗ "ಸುಡುತ್ತಿದೆ" ಎಂದು ಕೂಗುತ್ತವೆ. ಮದ್ಯಸಾರ ತಾಗಿದರೆ ಈ ಮಿತಿ ಸುಮಾರು 34 ಡಿಗ್ರಿಗೆ ಇಳಿದುಬಿಡುತ್ತದೆ. ನಮ್ಮ ಮೈಯ ಶಾಖವೇ ಅದಕ್ಕಿಂತ ಹೆಚ್ಚು! ಆದುದರಿಂದ ತನ್ನ ಮೈಯ ಬಿಸಿಯೇ ತನಗೆ ಬೆಂಕಿಯಾಗಿ ತೋರುತ್ತದೆ. ಗೋಡೆ ಗಟ್ಟಿಯಾಗಿದ್ದಾಗ ಮದ್ಯಸಾರ ಆ ನರಗಳ ತನಕ ಹೋಗಲಾರದು, ಉರಿಯೂ ಇಲ್ಲ. ಗೋಡೆ ಬಿರಿದಿದ್ದರೆ ನೇರವಾಗಿ ಹೋಗಿ ತಾಗುತ್ತದೆ. ಅಂದಮೇಲೆ ಉರಿ ಎಂಬುದು ಗೋಡೆ ಮೊದಲೇ ಬಿರಿದಿದೆಯೆಂದು ತಿಳಿಸುವ ಡಂಗುರ. ಡಂಗುರ ಸಾರುವವನೇ ಗೋಡೆ ಕೆಡವಿದನೆಂದು ನಾವು ಅವನನ್ನು ಓಡಿಸಿ, ನಿಜವಾಗಿ ಕೆಡವುವವನ ಕೈಗೆ ಎರಡು ಗುದ್ದಲಿ ಕೊಟ್ಟೆವು.

ಇದರಿಂದಾಗುವ ಅಪಾಯ ಬರೀ ನೋವಿನದಲ್ಲ. ಬಿರಿದ ಚರ್ಮದಲ್ಲಿ ಕ್ರಿಮಿಗಳು ಹೆಚ್ಚಾಗಿ ನೆಲೆಸುತ್ತವೆ, ಬಿರುಕಿನೊಳಗಿಂದ ಅವನ್ನು ತೆಗೆಯುವುದೂ ಕಷ್ಟ. ಶುದ್ಧಿಗಾಗಿ ಅತಿಯಾಗಿ ತೊಳೆದು ಕೈಯನ್ನು ಬಿರಿಸಿಕೊಂಡರೆ ಶುದ್ಧಿಯೇ ಕೆಡುತ್ತದೆ. ತಂದೆಯವರ ಹೊಟ್ಟೆಗೆ ಸೋಂಕು ಹತ್ತದೆ ಉಳಿದದ್ದು ನಮ್ಮ ಪುಣ್ಯ.

ಸೀಸೆಯಲ್ಲಿ ಏನಿದೆ?

ಸ್ಯಾನಿಟೈಸರಿನ ಪಕ್ಷ ವಹಿಸಿದೆನೆಂದು ಅದರ ದೋಷವನ್ನು ಮುಚ್ಚಿಡಲಾರೆ. ಎಲ್ಲ ಸೀಸೆಯೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಕೈ ಶುದ್ಧಿಯ ಮಾರ್ಗದರ್ಶನದಲ್ಲಿ ಎರಡು ಪಾಕಗಳನ್ನು ಕೊಟ್ಟಿದೆ. ಒಂದರಲ್ಲಿ ಎಥನಾಲ್ ಎಂಬ ಮದ್ಯಸಾರ ನೂರಕ್ಕೆ 80 ಪಾಲು, ಇನ್ನೊಂದರಲ್ಲಿ ಐಸೊಪ್ರೊಪೈಲ್ ಮದ್ಯಸಾರ 75 ಪಾಲು. ಎರಡರಲ್ಲಿಯೂ ಗ್ಲಿಸರಿನ್ 1.45 ಪಾಲು, ಹೈಡ್ರೋಜನ್ ಪೆರಾಕ್ಸೈಡ್ 0.125 ಪಾಲು, ಉಳಿದದ್ದು ನೀರು. ಪೆರಾಕ್ಸೈಡ್ ಇರುವುದು ಸೀಸೆಯೊಳಗೆ ಸೇರಿರಬಹುದಾದ ಕ್ರಿಮಿಬೀಜಗಳನ್ನು ಕೊಲ್ಲಲು. ಗ್ಲಿಸರಿನ್ ಇರುವುದು ಕೇವಲ ಚರ್ಮದ ಸಲುವಾಗಿ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೂರರಲ್ಲಿ ಒಂದೂವರೆ ಪಾಲಿಗೂ ಕಡಿಮೆಯಿರುವ ಈ ವಸ್ತುವನ್ನು ಬಿಟ್ಟು ತಯಾರಿಸಿದ ದ್ರಾವಣ ಕೈಯನ್ನು ನಿಜವಾಗಿಯೂ ಒಣಗಿಸುತ್ತದೆ. ಘಮಘಮಿಸುವ ಅತ್ತರು ಸೇರಿಸಿದವೂ ಕೆಲವರಿಗೆ ಒಗ್ಗುವುದಿಲ್ಲ. ಮದ್ಯಸಾರದಿಂದಲೇ ಅಲರ್ಜಿಯಾಗುವುದು ಅಪರೂಪ. ಸುವಾಸನೆಯ ವಸ್ತುಗಳಿಂದಾಗುವುದು ಅಷ್ಟು ಅಪರೂಪವಲ್ಲ.

ಮದ್ಯಸಾರ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ನಾನು ಕೇಳಿದ್ದೆ. ಹಾಗಿಲ್ಲವಂತೆ. ಕ್ರಿಮಿಗಳ ಸಸಾರಜನಕವನ್ನು ಕೆಡಿಸುವುದಕ್ಕೆ ಸ್ವಲ್ಪ ನೀರೂ ಬೇಕು. ಆದುದರಿಂದ ತೊಂಬತ್ತೈದರ ದ್ರಾವಣಕ್ಕಿಂತ ಅರವತ್ತರಿಂದ ಎಂಬತ್ತರದೇ ಹೆಚ್ಚು ಫಲಕಾರಿ. ಕೊಳ್ಳುವಾಗ ಚೀಟಿಯ ಮೇಲೆ ಮದ್ಯಸಾರದ ಪ್ರಮಾಣ, ಗ್ಲಿಸರಿನ್ನಿನ ಹೆಸರು, ತಯಾರಿಕೆಯ ಲೈಸೆನ್ಸ್ ನಂಬರು, ಅವಧಿ ಮುಗಿಯುವ ದಿನ ಇವಿಷ್ಟನ್ನು ಓದಿ ನೋಡುವುದು ಒಳ್ಳೆಯದು.

ಒಬ್ಬ ದಾದಿಯ ಕೈ

ಇದು ಇಂದಿನ ಸಮಸ್ಯೆಯೇನೂ ಅಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರ ಸುಮಾರಿಗೆ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಶಸ್ತ್ರಕ್ರಿಯೆಯ ಮೊದಲು ಕೈ ಶುದ್ಧಿಗೆ ಬಳಸುತ್ತಿದ್ದ ಪಾದರಸದ ಲವಣದ ದ್ರಾವಣದಿಂದ ಆಕೆಯ ಕೈ ತೋಳುಗಳ ಚರ್ಮ ಕೆಟ್ಟುಹೋಯಿತು. ಕೆಲಸ ಬಿಡುವ ಪ್ರಸಂಗ ಬಂತು. ಆಗ ಅಲ್ಲಿಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಆಕೆಗಾಗಿ ತೆಳುವಾದ ರಬ್ಬರಿನ ಕೈಚೀಲಗಳನ್ನು ಮಾಡಿಸಿಕೊಟ್ಟರು. ಶಸ್ತ್ರಕ್ರಿಯೆಯಲ್ಲಿ ರಬ್ಬರಿನ ಕೈಚೀಲ ರೂಢಿಗೆ ಬರುವುದಕ್ಕೆ ಇದೂ ಕಾರಣವಾಯಿತು. ಮುಂದೆ 1890ರಲ್ಲಿ ಅವರಿಬ್ಬರ ವಿವಾಹವೂ ಆಯಿತೆಂಬುದು ಬೇರೆ ಮಾತು. ರೋಗಿಯ ರಕ್ಷಣೆಗೆಂದು ಇಂದು ಎಲ್ಲ ಕಡೆ ತೊಡುವ ಕೈಚೀಲ ಮೊದಲು ಹುಟ್ಟಿದ್ದು ಶುಶ್ರೂಷೆ ಮಾಡುವವಳ ಕೈಯ ರಕ್ಷಣೆಗಾಗಿ ಎಂಬುದನ್ನು ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು.

ಇನ್ನೊಂದು ನಿದರ್ಶನ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ್ದು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ದಿದಿಯೆ ಪಿತ್ತೆ ಮತ್ತು ಅವರ ಸಂಗಡಿಗರು ಬಚ್ಚಲಿಗೆ ಓಡಿ ಕೈ ತೊಳೆಯುವುದರ ಬದಲು ರೋಗಿಯ ಮಂಚದ ಬಳಿಯಲ್ಲೇ ಮದ್ಯಸಾರದ ದ್ರಾವಣ ಹಚ್ಚುವ ಪದ್ಧತಿಯನ್ನು ಬೆಳೆಸಿದರು. 1994ರಲ್ಲಿ ಕೈ ಶುದ್ಧಿಯ ನಿಯಮ ಪಾಲಿಸುತ್ತಿದ್ದುದು ನೂರಕ್ಕೆ 48ರಷ್ಟು ಸಂದರ್ಭಗಳಲ್ಲಿ ಮಾತ್ರ. 1997ಕ್ಕೆ ಅದು 66ಕ್ಕೇರಿತು. ಆಸ್ಪತ್ರೆಯಲ್ಲಿ ಹತ್ತುವ ಸೋಂಕು ಆ ಅವಧಿಯಲ್ಲಿ ಗಣನೀಯವಾಗಿ ಇಳಿಯಿತು.

ನಮ್ಮ ಮನೆಯ ಹೊಸ ಕಟ್ಟಳೆ

ವೈದ್ಯೆಯ ಸಲಹೆಯಂತೆ, ಡಯಾಲಿಸಿಸ್ಸಿನ ದಾದಿಯನ್ನೂ ಕೇಳಿಕೊಂಡು, ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಕೈ ಒಡೆಯುವ ಕಷ್ಟ ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೂ, ಆಸ್ಪತ್ರೆಗಳಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೂ, ಮನೆಯಲ್ಲಿ ಹಸುಗೂಸು ಇಲ್ಲವೆ ಕಾಯಿಲೆಯವರಿರುವ ಗೃಹಿಣಿಯರಿಗೂ ಇರುವುದರಿಂದ ಅವನ್ನು ಇಲ್ಲಿ ಬರೆಯುತ್ತೇನೆ.

ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ, ಜಿಡ್ಡಾಗಿದ್ದರೆ, ಶೌಚದಿಂದ ಬಂದರೆ, ಊಟಕ್ಕೆ ಮುನ್ನ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯಾಗುತ್ತಿದ್ದರೆ ಸಾಬೂನು, ನೀರೇ ಸರಿ. ವಾಂತಿ ಭೇದಿ ತರುವ ಕೆಲವು ರೋಗಾಣುಗಳ ಮೇಲೆ ಮದ್ಯಸಾರದ ಪ್ರಭಾವ ಸಾಲದು. ಕೈ ನೋಡಲು ಸ್ವಚ್ಛವಾಗಿದ್ದು ಕ್ರಿಮಿಶುದ್ಧಿ ಮಾತ್ರ ಬೇಕಾದಾಗ ಸ್ಯಾನಿಟೈಸರ್ ಸಾಕು. ಒಂದರ ಬೆನ್ನಿಗೇ ಇನ್ನೊಂದು ಬೇಡ. ಎರಡೂ ಬೇಕೇಬೇಕೆಂದು ಆಸ್ಪತ್ರೆಯವರು ಹೇಳಿರುವ ಕಡೆ, ನಮ್ಮ ಚೀಲದ ಕೆಲಸದಂತೆ, ಮೊದಲು ತೊಳೆದು ಕೈ ಪೂರ್ತಿ ಒಣಗಿದ ಮೇಲೆಯೇ ದ್ರಾವಣ ಹಚ್ಚಬೇಕು. ಒದ್ದೆ ಕೈಗೆ ಹಚ್ಚಿದರೆ ದ್ರಾವಣ ತೆಳುವಾಗಿ ಕೆಲಸವೂ ಆಗದು, ಚರ್ಮಕ್ಕೂ ತೊಂದರೆ.

ತೊಳೆಯುವುದಕ್ಕೆ ಬಿಸಿನೀರು ಬೇಡ, ತಣ್ಣೀರು ಇಲ್ಲವೆ ಉಗುರುಬೆಚ್ಚನೆಯ ನೀರು ಸಾಕು. ಬೆರಳ ಸಂದಿಯಲ್ಲಿ ಸಾಬೂನು ಉಳಿಯದಂತೆ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರೆಸಬೇಕು. ಉಂಗುರದ ಕೆಳಗೆ ಸಾಬೂನು ನಿಲ್ಲುವುದನ್ನು ಮರೆಯಬಾರದು. ದ್ರಾವಣವನ್ನು ಅಂಗೈ ತುಂಬುವಷ್ಟು ಹಾಕಿಕೊಂಡು ಇಪ್ಪತ್ತರಿಂದ ಮೂವತ್ತು ಸೆಕೆಂಡು, ತಾನಾಗಿ ಒಣಗುವ ತನಕ ತಿಕ್ಕಬೇಕು.

ಪಾತ್ರೆ ಬೆಳಗುವಾಗ, ಬಟ್ಟೆ ಒಗೆಯುವಾಗ ರಬ್ಬರಿನ ಕೈಚೀಲ. ನಮ್ಮ ಹಾಳೆಯ ಮೂವತ್ತನಾಲ್ಕು ಗೀಟುಗಳಲ್ಲಿ ಹನ್ನೊಂದು ಇದರಿಂದಲೇ ಕಡಿಮೆಯಾದವು. ಇನ್ನು ಕೆಲವು ನಾನು ಪಾತ್ರೆ ತೊಳೆಯಲು ಕಲಿತದ್ದರಿಂದ ಕಡಿಮೆಯಾದವು. ಇದನ್ನು ಕಚೇರಿಯ ಮಿತ್ರರು ಓದದಿದ್ದರೆ ಒಳಿತು.

ಕೈ ತೊಳೆದು ಒರೆಸಿದ ಮೇಲೆ, ಅದರ ಪಸೆ ಆರುವ ಮೊದಲೇ, ಸುವಾಸನೆಯಿಲ್ಲದ ಕೆನೆ ಹಚ್ಚಬೇಕು. ರಾತ್ರಿ ಮಲಗುವಾಗ ವ್ಯಾಸಲೀನ್ ದಪ್ಪಗೆ ಹಚ್ಚಿ, ಹಳೆಯ ಹತ್ತಿಯ ಕೈಚೀಲ ತೊಟ್ಟು ಮಲಗಿದರೆ ಬಿರುಕು ಬೇಗ ಕೂಡುತ್ತದೆ. ಕೊಬ್ಬರಿ ಎಣ್ಣೆಯೂ ಚರ್ಮವನ್ನು ಮೆದುಗೊಳಿಸುತ್ತದೆ. ಪಕ್ಕದ ಮನೆಯ ಆಜಿ ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದರು, ಆ ಭಾಗಕ್ಕೆ ಮಾತ್ರ ನಾವು ಕಿವಿಗೊಟ್ಟಿರಲಿಲ್ಲ. ಆದರೆ ಎಣ್ಣೆ, ಕೆನೆಗಳನ್ನು ಹಚ್ಚುವುದು ಶುದ್ಧಿಯ ಕೆಲಸ ಮುಗಿದ ಮೇಲೆಯೇ ಹೊರತು ಮೊದಲಲ್ಲ.

ಇಷ್ಟಾಗಿಯೂ ಕೈ ವಾಸಿಯಾಗದೆ ತುರಿಕೆ, ನೀರ್ಗುಳ್ಳೆ, ರಸ ಸೋರುವುದು ಕಂಡರೆ ಚರ್ಮವೈದ್ಯರಿಗೆ ತೋರಿಸಬೇಕು. ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಮುಲಾಮು ತಂದು ತಾವೇ ಹಚ್ಚಿಕೊಳ್ಳುವುದು ಸರಿಯಲ್ಲ.

ಎರಡು ಎಚ್ಚರಿಕೆಯ ಮಾತು. ಸ್ಯಾನಿಟೈಸರ್ ಬೆಂಕಿ ಹತ್ತುವ ವಸ್ತು. ಕೈ ಒಣಗುವ ಮೊದಲು ದೇವರ ದೀಪ ಹಚ್ಚಲು, ಗ್ಯಾಸಿನ ಒಲೆ ಹೊತ್ತಿಸಲು ಹೋಗಬಾರದು. ಮಕ್ಕಳ ಕೈಗೆ ಸೀಸೆ ಸಿಗಬಾರದು, ಔಷಧಗಳ ಜೊತೆಯಲ್ಲಿ ಅದನ್ನು ಇಡಲೂಬಾರದು. 2021ರ ಜನವರಿ 31ರಂದು ನಮ್ಮ ರಾಜ್ಯದ ಯವತ್‌ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಪೋಲಿಯೋ ಹನಿಯ ಬದಲು ಹನ್ನೆರಡು ಮಕ್ಕಳಿಗೆ ಸ್ಯಾನಿಟೈಸರಿನ ಹನಿ ಹಾಕಿದ ಪ್ರಮಾದ ನಡೆಯಿತು. ಮಕ್ಕಳು ಪಾರಾದರು, ಆದರೆ ಎಲ್ಲರೂ ಪಾಠ ಕಲಿಯಬೇಕಾದ ಸಂಗತಿ.

ಡಬ್ಬಿಯ ಮುಚ್ಚಳ

ಮೊದಲ ವಾರ ದ್ರಾವಣ ಹಚ್ಚಿದಾಗ ಉರಿ ಇದ್ದೇ ಇತ್ತು. ಬಿರುಕು ಆಳವಾಗಿದ್ದ ಆ ದಿನಗಳಲ್ಲಿ ದಾದಿಯ ಸೂಚನೆಯಂತೆ ಚೀಲದ ಕೆಲಸವನ್ನು ಆದಷ್ಟು ನಾನೇ ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹೊಂದಿಸಿಕೊಂಡು ಮಾಡಿದೆ. ಎರಡನೆಯ ವಾರ ಉರಿ ತಗ್ಗಿತು. ಸಂಕ್ರಾಂತಿಯ ಹೊತ್ತಿಗೆ ಗೆಣ್ಣುಗಳು ಮೊದಲಿನಂತಾದವು. ಎಳ್ಳು ಬೆಲ್ಲ ಹಂಚುವಾಗ ಆಕೆ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲವೆಂಬುದನ್ನು ನಾನು ಗಮನಿಸಿದೆ. ತಂದೆಯವರ ಚೀಲದ ನೀರು ತಿಳಿಯಾಗಿಯೇ ಬರುತ್ತಿದೆ. "ಸಾಕು ಮಾಡೋಣ" ಎಂಬ ಮಾತನ್ನು ಅವರು ಮತ್ತೆ ಎತ್ತಿಲ್ಲ.

ಅವರದೊಂದು ಹೊಸ ಅಭ್ಯಾಸ ಮಾತ್ರ ಹುಟ್ಟಿಕೊಂಡಿದೆ. ಪ್ರತಿ ಸಲ ಚೀಲದ ಕೆಲಸ ಮುಗಿದು ಆಕೆ ಎಲ್ಲವನ್ನೂ ತೆಗೆದಿಟ್ಟು ಕೈ ತೊಳೆದು ಬರುವಷ್ಟರಲ್ಲಿ, ಅವರು ಮಂಚದ ಪಕ್ಕದ ಕೆನೆಯ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ತುದಿಗೆ ಸರಿಸಿಟ್ಟಿರುತ್ತಾರೆ. ಬಾಯಲ್ಲಿ ಒಂದು ಮಾತಿಲ್ಲ. ಆಕೆ ಹಚ್ಚಿಕೊಂಡಾದ ಮೇಲೆ ತಾವೇ ಮುಚ್ಚಳ ಹಾಕಿ, ಪತ್ರಿಕೆ ಓದಲು ಕನ್ನಡಕ ಏರಿಸುತ್ತಾರೆ. ದಿನಕ್ಕೆ ನಾಲ್ಕು ಸಲ, ಒಂದು ದಿನವೂ ತಪ್ಪಿಲ್ಲ.